ದಾದಿಯ ಹರಕೆ, ಗರಸು ಮಣ್ಣಿನ ಹೂವು

ಬಸ್ಸು ಶಿಡ್ಲಘಟ್ಟ ಸಮೀಪಿಸುತ್ತಿದ್ದಂತೆ ಹೊಸಬರು ಕರ್ಚೀಫು ಹುಡುಕಲು ಶುರು ಮಾಡುತ್ತಾರೆ. ರೇಷ್ಮೆ ಗೂಡು ಬೇಯುವ ವಾಸನೆ ಅದು. ಸತ್ತ ಹುಳುವಿನ ಕಮಟು, ಬಿಸಿನೀರಿನ ಹಬೆ, ಸೌದೆಯ ಹೊಗೆ, ಮೂರೂ ಕಲಸಿದ ವಾಸನೆ. ಅಲ್ಲೇ ಹುಟ್ಟಿ ಬೆಳೆದ ನಮ್ಮಂಥವರು ಮಾತ್ರ ಊರು ಬಂತೆಂದು ಸೀಟಿನಡಿ ಕಾಲಲ್ಲೇ ಚಪ್ಪಲಿ ಹುಡುಕುತ್ತೇವೆ. ಮೊನ್ನೆ ಚಿಕ್ಕಬಳ್ಳಾಪುರದಿಂದ ಬರುವಾಗ ನನ್ನ ಪಕ್ಕ ಕೂತಿದ್ದ ಹೆಂಗಸಿನ ಮಡಿಲಲ್ಲಿ ಒಂದು ಕುಕ್ಕೆ ತುಂಬ ಚೆಂಡುಹೂವಿತ್ತು. ಬಸ್ಸು ರಸ್ತೆಯ ಹಂಪಿನ ಮೇಲೆ ಎತ್ತಿ ಹಾಕಿದ ಹೊಡೆತಕ್ಕೆ ಹೂವು ನಲುಗಿ ಘಾಟು ಎದ್ದಿತು. ಅದೇ ಹೊತ್ತಿಗೆ ಕಿಟಕಿಯಿಂದ ಗೂಡಿನ ವಾಸನೆಯೂ ನುಗ್ಗಿತು. ಈ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಂದು ಎಷ್ಟು ವರ್ಷವಾಗಿತ್ತೋ! "ಯಾಕಮ್ಮಾ, ಕಣ್ಣಲ್ಲಿ ನೀರು ಬರ್ತೈತೆ?" ಎಂದಳು ಆ ಹೆಂಗಸು. "ಹೂವಿನ ಘಾಟು ಕಣಮ್ಮ" ಎಂದು ಸುಳ್ಳು ಹೇಳಿದೆ. ಅವಳು ಪಾಪ, ಕುಕ್ಕೆಯನ್ನು ಆ ಕಡೆ ತಿರುಗಿಸಿಕೊಂಡು ಕೂತಳು. ತಿರುಗಿಸಬೇಡವೇ ತಾಯಿ ಎಂದು ಹೇಳಲು ಸಂಕೋಚವಾಯಿತು.

ನಮ್ಮ ಮನೆಗೂ ನೂಲು ತೆಗೆಯುವ ಶೆಡ್ಡಿಗೂ ನಡುವೆ ಒಂದೇ ಗೋಡೆ. ಶೆಡ್ಡಿನಲ್ಲಿ ಬೇಸಿನ್ನುಗಳ ಮುಂದೆ ಹೆಂಗಸರು ಕೂತು ಕುದಿನೀರಿನಲ್ಲಿ ಗೂಡು ಬೇಯಿಸಿ ಎಳೆ ಬಿಚ್ಚುತ್ತಿದ್ದರು, ಚರಕ ಗಿರ್ರೆಂದು ತಿರುಗುತ್ತಿತ್ತು, ದಾದಾ, ಅಂದರೆ ನನ್ನ ತಾತ, ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಎಲ್ಲರ ಮೇಲೂ ರೇಗುತ್ತಿದ್ದರು. ಮನೆಯೊಳಗೆ ಉರ್ದು, ಬೀದಿಯಲ್ಲಿ ಕನ್ನಡ, ಶೆಡ್ಡಿನಲ್ಲಿ ಹಾಡುವುದಕ್ಕೂ ಬೈಯುವುದಕ್ಕೂ ತೆಲುಗು. ಮೂರರಲ್ಲಿ ಯಾವುದರಲ್ಲಿ ಕನಸು ಬೀಳುತ್ತಿತ್ತೋ ನೆನಪಿಲ್ಲ. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಹೇಳಿಬಿಡುತ್ತೇನೆ, ದಾದಿ, ಅಂದರೆ ನನ್ನ ಅಜ್ಜಿ, ಬೇಜಾರು ಮಾಡಿಕೊಳ್ಳುವವಳಲ್ಲ. ಶೆಡ್ಡಿನ ಪಕ್ಕಕ್ಕೆ ಹಿತ್ತಲು ಎಂದು ಕರೆಯಲು ನಾಚಿಕೆಯಾಗುವಂಥ ಒಂದು ಉದ್ದನೆಯ ಜಾಗವಿತ್ತು. ಕೆಂಪು ಗರಸು ಮಣ್ಣು, ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಅಲ್ಲೇ ಠಿಕಾಣಿ ಹೂಡುತ್ತಿತ್ತು. ದಾದಿ ಅಲ್ಲಿ ಉಪ್ಪಿನಕಾಯಿಯ ಜಾಡಿ ಇಡುತ್ತಿದ್ದಳು, ಹಪ್ಪಳ ಒಣಗಿಸುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಉಪಯೋಗ ಆ ಜಾಗದಿಂದ ಯಾರೂ ಬಯಸಿರಲಿಲ್ಲ.

ಈಗ ನನ್ನ ವಿಷಯ. ನನಗೆ ನಾಲ್ಕು ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ ಚೆನ್ನಾಗಿ ಕೇಳುತ್ತಿತ್ತು, ಬಿಸ್ಕತ್ತಿನ ಪೊಟ್ಟಣ ಬಿಚ್ಚುವ ಸದ್ದು ಎರಡು ಕೋಣೆಯಾಚೆಯಿಂದಲೂ ಕೇಳುತ್ತಿತ್ತಂತೆ. ಆದರೆ ಬಾಯಿ ಬಿಟ್ಟರೆ ಒಂದು ಅಕ್ಷರ ಇಲ್ಲ. ಬೇಕಾದ್ದಕ್ಕೆಲ್ಲ ದಾದಿಯ ಕೈಬೆರಳು ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಡಾಕ್ಟರು ನೋಡಿ ಬರುತ್ತದೆ, ತಡವಾಗಿ ಬರುತ್ತದೆ ಎಂದರು. ಅಮ್ಮಿ ಅಳುತ್ತಿದ್ದಳು. ಒಂದು ಗುರುವಾರ ದಾದಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಚಿಂತಾಮಣಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮುರುಗಮಲ್ಲದ ದರ್ಗಾಕ್ಕೆ ಹೋದಳು. ಚೌಕಟ್ಟಿಗೆ ಹಣೆ ಹಚ್ಚಿ, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, "ಈ ಮಗೀಗೆ ಮಾತು ಕೊಡಿಸಿಬಿಡಿ, ನಾನೇ ನನ್ನ ಕೈಯಾರೆ ಬೆಳೆದ ಹೂವಿನ ಚಾದರ ತಂದು ಹಾಸ್ತೀನಿ" ಎಂದುಬಿಟ್ಟಳು. ದರ್ಗಾದ ಬಾಗಿಲಲ್ಲೇ ಹೂವಿನ ಚಾದರ ಸಿಗುತ್ತದೆ, ಎಲ್ಲರೂ ಕೊಂಡೇ ಸಂತರ ಗೋರಿಗೆ ಹಾಸುತ್ತಾರೆ. ಇವಳಿಗೆ ಕೈಯಾರೆ ಬೆಳೆದದ್ದು ಎಂಬ ಮಾತು ಎಲ್ಲಿಂದ ಬಂತೋ! ಜೀವಮಾನದಲ್ಲಿ ಒಂದು ಕೊತ್ತಂಬರಿ ಗಿಡ ಬೆಳೆದವಳಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ದಾದಿ ನನ್ನ ಮೂಗು ಹಿಡಿದು ಒಂದು ಚಮಚ ಹರಳೆಣ್ಣೆ ಹೊಯ್ಯಲು ಬಂದಳು. ನಾನು ಸ್ಪಷ್ಟವಾಗಿ "ನಕ್ಕೋ!" ಎಂದೆ. ಬೇಡ ಎನ್ನುವುದಕ್ಕೆ ನಮ್ಮ ಮನೆಮಾತಿನ ಪದ ಅದು. ಚಮಚ ಕೆಳಗೆ ಬಿತ್ತು, ಹರಳೆಣ್ಣೆ ಚಾಪೆಯ ಮೇಲೆ ಹರಿಯಿತು, ದಾದಿ ಕುಣಿದಳು. ಶೆಡ್ಡಿನ ಹೆಂಗಸರೆಲ್ಲ ಗೂಡನ್ನು ಕುದಿಯಲು ಬಿಟ್ಟು ಓಡಿಬಂದರು. ಅವತ್ತು ಬಿಟ್ಟ ಬಾಯಿ ನಾನು ಇನ್ನೂ ಮುಚ್ಚಿಲ್ಲ ಎಂದು ನಮ್ಮವರೆಲ್ಲ ಹೇಳುತ್ತಾರೆ. ನನ್ನನ್ನು ಮದುವೆಯಾದ ಪುಣ್ಯಾತ್ಮರಂತೂ, "ನಿಮ್ಮ ದಾದಿ ಶುರು ಆಗಲಿ ಅಂತ ಹರಕೆ ಹೊತ್ತರು, ನಿಲ್ಲಲಿ ಅಂತ ಯಾರೂ ಹೊರಲಿಲ್ಲವಲ್ಲ" ಎಂದು ಇವತ್ತಿಗೂ ನಿಟ್ಟುಸಿರು ಬಿಡುತ್ತಾರೆ.

ಸಂತೋಷವೆಲ್ಲ ಒಂದು ವಾರ. ಆಮೇಲೆ ದಾದಿಗೆ ಹರಕೆಯ ಚಿಂತೆ ಹತ್ತಿಕೊಂಡಿತು. ಕೊಟ್ಟ ಮಾತು ತೀರಿಸದಿದ್ದರೆ ಮಗುವಿನ ಮಾತು ವಾಪಸ್ ಹೋಗುತ್ತದೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ದಾದಾ ಐದು ಹೊತ್ತಿನ ನಮಾಜಿನವರು, ಇಂಥದ್ದಕ್ಕೆಲ್ಲ ಸೇರದವರು. "ಮಾತು ಕೊಡೋನು ಅಲ್ಲಾಹ್. ನೀನ್ಯಾಕೆ ಮಧ್ಯೆ ಹೂವಿನ ವ್ಯಾಪಾರ ಮಾಡಿದೆ?" ಎಂದು ಗದರಿದರು. ಅದೂ ಅಲ್ಲದೆ ನೀರೆಲ್ಲಿತ್ತು? ನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಟ್ಯಾಂಕರು. ಬಂದ ನೀರು ಬೇಸಿನ್ನಿಗೆ ಮೊದಲು, ಅಡಿಗೆಗೆ ಆಮೇಲೆ. "ಕುಡಿಯೋ ನೀರಲ್ಲಿ ಒಂದು ಚೊಂಬು ಹೂವಿಗೆ ಹೋದ್ರೂ ನಾನು ಸುಮ್ಮನಿರಲ್ಲ" ಎಂದು ದಾದಾ ಕಟ್ಟಪ್ಪಣೆ ಮಾಡಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರಲ್ಲ, ದಾದಿಯ ಕಥೆ ಹಾಗಾಯಿತು.

ಆಗ ಅವಳ ಕೈ ಹಿಡಿದವಳು ನಾರಾಯಣಮ್ಮ. ನಮ್ಮ ಶೆಡ್ಡಿನಲ್ಲಿ ಮೊದಲನೇ ಬೇಸಿನ್ನು ಅವಳದು, ಎದುರು ಸಾಲಿನಲ್ಲಿ ಮನೆ, ಬಾಯಿ ಶೆಡ್ಡಿನ ಚರಕಕ್ಕಿಂತ ಜೋರು. ಅಂಗಡಿ ಬಾಗಿಲುಗಳಲ್ಲಿ ಒಣಗಿ ನೇತಾಡುತ್ತಿದ್ದ ಹಳೆಯ ಚೆಂಡುಹೂವಿನ ಹಾರಗಳನ್ನೆಲ್ಲ ಅವಳೇ ಕೇಳಿ ತಂದಳು. ಇಬ್ಬರೂ ಜಗಲಿಯಲ್ಲಿ ಕೂತು ಅವನ್ನು ಉಜ್ಜಿ ಉಜ್ಜಿ ಕಪ್ಪು ಕಡ್ಡಿಯಂಥ ಬೀಜ ತೆಗೆದರು. ಚಿಂತಾಮಣಿಯ ಸಂತೆಯಿಂದ ಜಿನಿಯಾ, ಕಾಸ್ಮಾಸ್, ನೇರಳೆ ಬಣ್ಣದ ಬಟನ್ ಹೂವಿನ ಬೀಜವೂ ಬಂತು. ಮೊದಲ ಮಳೆ ಬಿದ್ದ ಮಾರನೆಯ ದಿನ ಹಿತ್ತಲನ್ನು ಅಗೆಸಿ ಪಾತಿ ಮಾಡಿ ಬಿತ್ತಿದರು. ಸೆರಗಿನಲ್ಲಿ ಉಳಿದ ಹೊಟ್ಟನ್ನೂ ಚೂರುಪಾರು ಬೀಜವನ್ನೂ ದಾದಿ ಶೆಡ್ಡಿನ ಹಿಂಬದಿಗೆ ಹೋಗಿ, ಒಡೆದ ಹೆಂಚು, ಇಟ್ಟಿಗೆ ಚೂರು ಸುರಿದಿದ್ದ ತಿಪ್ಪೆಯ ಮೇಲೆ ಕೊಡವಿ ಬಂದಳು. ಅಲ್ಲಿ ಜಾಲಿ ಮುಳ್ಳು ಇತ್ತು, ಯಾರೂ ಹೋಗುತ್ತಿರಲಿಲ್ಲ.

ನೀರಿಗೂ ಗೊಬ್ಬರಕ್ಕೂ ನಾರಾಯಣಮ್ಮನೇ ದಾರಿ ಹುಡುಕಿದಳು. ಗೂಡು ಬೇಯಿಸಿ ಚೆಲ್ಲುವ ನೀರು ದಿನಕ್ಕೆ ಬಿಂದಿಗೆಗಟ್ಟಲೆ ಇತ್ತಲ್ಲ, ಅದನ್ನು ಆರಿಸಿ ಹೊಯ್ದರೆ ದಾದಾ ಬೇಡ ಎನ್ನುವ ಹಾಗಿರಲಿಲ್ಲ. ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳ ಮಂಕರಿಗಟ್ಟಲೆ. "ನಮ್ಮಣ್ಣನ ತೋಟದಾಗೆ ಹುಳ ಹಾಕುದ್ರೆ ಒಂದೊಂದು ಎಲೆ ತಟ್ಟೆಯಗಲ ಬರ್ತದೆ ಬೀಬಮ್ಮ. ಹೂವಿಗೂ ಹಾಕಣ, ಏನಂತೀರ?" ಎಂದು ದಾದಿಯನ್ನು ಕೇಳಿದಳು. ನಮ್ಮ ಕಡೆಯವರ ಬೇಸಾಯವೆಲ್ಲ ಹಿಪ್ಪುನೇರಳೆಯ ಬೇಸಾಯ ನೋಡಿ. ಸೊಪ್ಪು ಚೆನ್ನಾಗಿ ಬಂದರೆ ಬೆಳೆ ಚೆನ್ನಾಗಿ ಬಂತು ಎಂದೇ ಲೆಕ್ಕ. ಹಿಪ್ಪುನೇರಳೆ ತೋಟದ ಮುಂದೆ ನಿಂತು ಹೂವೆಲ್ಲಿ ಎಂದು ಕೇಳಿದವನನ್ನು ನಮ್ಮೂರಿನಲ್ಲಿ ಹುಚ್ಚ ಎನ್ನುತ್ತಾರೆ. ಹಾಗಾಗಿ ದಿನಾ ಬೆಳಿಗ್ಗೆ ಹುಳ, ಸಂಜೆ ಬೇಸಿನ್ ನೀರು, ಚೆಂಡುಹೂವಿನ ಗಿಡಕ್ಕೆ ಬಾಣಂತಿ ಸೇವೆ ನಡೆಯಿತು.

ಅಬ್ಬಬ್ಬಾ, ಆ ಗಿಡಗಳು ಬೆಳೆದ ರೀತಿಯೇ! ಚೆಂಡುಹೂವಿನ ಗಿಡ ನನ್ನನ್ನು ಮೀರಿ ಹೋಯಿತು, ಕಾಸ್ಮಾಸ್ ದಾದಾನ ಟೋಪಿ ಮುಟ್ಟಿತು. ಕಡು ಹಸಿರು, ಮುಟ್ಟಿದರೆ ರಸ ಸೋರುವಂಥ ಎಲೆ. ಬೀದಿಯ ಬೆಕ್ಕುಗಳೆಲ್ಲ ಹುಳದ ವಾಸನೆಗೆ ಅಲ್ಲೇ ಸಂಸಾರ ಹೂಡಿದವು. ಬಂದವರೆಲ್ಲ "ಏನು ಸೊಪ್ಪು ಸ್ವಾಮಿ!" ಎಂದು ಬಾಯಿ ಬಿಟ್ಟು ಹೊಗಳುತ್ತಿದ್ದರು, ನಾರಾಯಣಮ್ಮ ಆ ಹೊಗಳಿಕೆಯನ್ನೆಲ್ಲ ತಾನೇ ಸ್ವೀಕರಿಸುತ್ತಿದ್ದಳು. ವಾರ ಕಳೆಯಿತು, ತಿಂಗಳು ಕಳೆಯಿತು, ಒಂದು ಮೊಗ್ಗಿಲ್ಲ. ಗಾಳಿ ಬೀಸಿದರೆ ಕಾಸ್ಮಾಸ್ ತಾನಾಗಿಯೇ ಮಲಗುತ್ತಿತ್ತು. ದಾದಿ ಪ್ರತಿ ಬೆಳಿಗ್ಗೆ ಎಲೆಗಳ ನಡುವೆ ಕೈ ಹಾಕಿ ತಡಕಿ ಬರುತ್ತಿದ್ದಳು. ಕೊನೆಗೊಂದು ದಿನ ಸೊಂಟದ ಮೇಲೆ ಕೈ ಇಟ್ಟು, "ಪತ್ತೇಚ್ ಪತ್ತೇ!" ಎಂದು ಕೂಗಿದಳು. ಬರೀ ಎಲೆ, ಎಲೆ ಬಿಟ್ಟರೆ ಎಲೆ ಎಂದು ಅರ್ಥ. ಸಾಕಾಗಲಿಲ್ಲವೇನೋ ಎಂದು ನಾರಾಯಣಮ್ಮ ಇನ್ನೆರಡು ಮಂಕರಿ ಹುಳ ಸುರಿದಳು.

ಆ ವೇಳೆಗೆ ಸರಿಯಾಗಿ ನನ್ನ ಗಂಟಲು ಕೈಕೊಟ್ಟಿತು. ಉಪ್ಪು ಖಾರ ಹಚ್ಚಿದ ಎಳೆ ಹುಣಿಸೆಕಾಯಿ, ಅದರ ಮೇಲೊಂದು ಐಸ್ ಕ್ಯಾಂಡಿ; ಬೆಳಗಾಗುವಷ್ಟರಲ್ಲಿ ಗಂಟಲು ಊದಿ, ಬಾಯಿ ತೆರೆದರೆ ಬರೀ ಗಾಳಿ. ಡಾಕ್ಟರು ಔಷಧಿ ಕೊಟ್ಟು ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ ಎಂದರು. ದಾದಿ ಡಾಕ್ಟರನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ಮುಖವೆಲ್ಲ ಬಿಳುಚಿಕೊಂಡು ಕೂತಳು, ಊಟ ಬಿಟ್ಟಳು. "ಕೊಟ್ಟಿದ್ದು ವಾಪಸ್ ತಗೊಂಡ್ರು, ನನ್ನ ತಪ್ಪಿಗೆ ಮಗೂದು ತಗೊಂಡ್ರು" ಎಂದು ಅದೇ ಮಾತು. ಅಂಥ ದಾದಾ ಕೂಡ ಕರಗಿದರು. "ನಾಳೇನೇ ಹೋಗಣ, ದರ್ಗಾದ ಹತ್ರ ದೊಡ್ಡ ಚಾದರ ತಗೊಂಡು ಹಾಸಿ ಬರಣ, ಏಳು, ಎರಡು ತುತ್ತು ತಿನ್ನು" ಎಂದು ತಟ್ಟೆ ಹಿಡಿದು ನಿಂತರು. ದಾದಿ ತಲೆಯಾಡಿಸಿದಳು. "ಕೈಯಾರೆ ಬೆಳೆದದ್ದು ಅಂದಿದ್ದೀನಿ. ಅವರ ಹತ್ರ ನಿಂತು ಸುಳ್ಳು ಹೇಳಲಾ?" ದಾದಾ ತಟ್ಟೆ ಕೆಳಗಿಟ್ಟು ತಾವೂ ಉಣ್ಣದೆ ಎದ್ದು ಹೋದರು.

ನನಗೂ ಹೆದರಿಕೆಯಾಗಿತ್ತು. ಹಿತ್ತಲಿಗೆ ಹೋಗಿ ಬೆಕ್ಕಿನ ಮರಿಯೊಂದನ್ನು ಅಟ್ಟಿಸಿಕೊಂಡು ಓಡಿದೆ. ಅದು ಶೆಡ್ಡಿನ ಹಿಂದಕ್ಕೆ ನುಗ್ಗಿತು. ಜಾಲಿ ಮುಳ್ಳು ತಪ್ಪಿಸಿಕೊಂಡು ಆ ಕಡೆ ಕಾಲಿಟ್ಟೆ ನೋಡಿ, ಆ ಬಣ್ಣ! ಹೆಂಚು ಚೂರಿನ ಸಂದಿಯಲ್ಲಿ, ಒಂದು ಹನಿ ನೀರು ಕಾಣದ, ಅಂಗಾಲು ಸುಡುವ ಆ ತಿಪ್ಪೆಯ ಮೇಲೆ, ಮೊಣಕಾಲೆತ್ತರದ ಬಡಕಲು ಗಿಡಗಳು ಎಲೆಗಿಂತ ಹೆಚ್ಚು ಹೂವು ಹೊತ್ತು ನಿಂತಿದ್ದವು. ರಕ್ತಗೆಂಪು ಜಿನಿಯಾ, ಕಿತ್ತಳೆ ಬಣ್ಣದ ಚೆಂಡುಹೂವು, ಗಾಳಿಗೆ ತಲೆಯಾಡಿಸುವ ಹಳದಿ ಕಾಸ್ಮಾಸ್, ನೆಲಕ್ಕಂಟಿಕೊಂಡಂತೆ ಬಟನ್ ಹೂವು. ಜೇನುನೊಣಗಳು ಗುಂಯ್ ಎನ್ನುತ್ತಿದ್ದವು. ಕೂಗಿದೆ, ಧ್ವನಿ ಬರಲಿಲ್ಲ. ಓಡಿಹೋಗಿ ದಾದಿಯ ಬೆರಳು ಹಿಡಿದು ಎಳೆದೆ. ಮಾತಿಲ್ಲದ ಕಾಲದಲ್ಲಿ ಹೇಗೆ ಎಳೆಯುತ್ತಿದ್ದೆನೋ ಹಾಗೇ. ಅದನ್ನು ಕಂಡು ಅವಳು ಇನ್ನೂ ಜೋರಾಗಿ ಅತ್ತಳು. ಅಳುತ್ತಲೇ ಬಂದಳು, ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು, ತಿಪ್ಪೆಯ ಮುಂದೆ ನಿಂತಳು. ಅಳು ನಿಂತುಹೋಯಿತು. ಬಗ್ಗಿ ಒಂದು ಜಿನಿಯಾದ ಗಲ್ಲ ಹಿಡಿದು, "ನಿನಗೆ ಯಾರು ಊಟ ಹಾಕಿದರೇ?" ಎಂದು ಕೇಳಿದಳು.

ಯಾರೂ ಹಾಕಿರಲಿಲ್ಲ, ಅದೇ ಗುಟ್ಟು. ನಾರಾಯಣಮ್ಮ ಬಂದು ನೋಡಿ ತಲೆಗೆ ಕೈಯಿಟ್ಟುಕೊಂಡಳು. "ಅಯ್ಯೋ ದೇವುಡಾ! ಹೊಟ್ಟೆ ತುಂಬಿದ್ದಕ್ಕೇ ಮುಂಡೇವು ಸೋಮಾರಿ ಬಿದ್ದಿದ್ದವಾ?" ಎಂದಳು. ಅವತ್ತಿನಿಂದ ಪಾತಿಗೆ ಹುಳ ಬಂದ್, ನೀರು ಬಂದ್. ಕೊಬ್ಬಿದ ಗಿಡಗಳ ತಲೆ ಚಿವುಟಿದರು. ಆ ವರ್ಷ ಹಿಂಗಾರೂ ಹೇಳಿಕೊಳ್ಳುವಷ್ಟು ಬರಲಿಲ್ಲ, ಎಲ್ಲರೂ ಆಕಾಶ ನೋಡುವಾಗ ದಾದಿ ಮಾತ್ರ ಒಳಗೊಳಗೇ ಖುಷಿಯಾಗಿದ್ದಳು. ಬಿಸಿಲಿಗೆ ಎಲೆ ಒರಟಾಯಿತು, ಗಿಡ ಗಟ್ಟಿಯಾಯಿತು, ನೋಡನೋಡುತ್ತ ಪಾತಿಯಲ್ಲೂ ಮೊಗ್ಗು ಕಟ್ಟಿತು. ನನ್ನ ಗಂಟಲಂತೂ ಡಾಕ್ಟರು ಹೇಳಿದಂತೆ ಅಷ್ಟರಲ್ಲೇ ಸರಿಹೋಗಿತ್ತು, ಆದರೆ ಅದನ್ನು ದಾದಿಗೆ ಹೇಳಿ ಪ್ರಯೋಜನವಿರಲಿಲ್ಲ. ಜಿನಿಯಾ ಕಂಡದ್ದಕ್ಕೇ ಧ್ವನಿ ಬಂತು ಎಂದು ಅವಳ ತೀರ್ಮಾನ.

ಚಾದರ ಕಟ್ಟಿದ ದಿನ ಶೆಡ್ಡಿಗೆ ರಜ. ಬೇಸಿನ್ನಿನ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂತರು. ದಾರ ಸಾಲದೆ ಬಂದಾಗ, ಒಂದು ಎಳೆ ನೆಲಕ್ಕೆ ಬಿದ್ದರೂ ಕೂಗಾಡುತ್ತಿದ್ದ ದಾದಾ ತಾವೇ ಒಂದು ಲಡಿ ರೇಷ್ಮೆ ನೂಲು ತಂದು ಮಧ್ಯೆ ಇಟ್ಟು ಹೋದರು. ಚೆಂಡುಹೂವಿಗೆ ರೇಷ್ಮೆ ದಾರ ಹಾಕಿದ ದೊಡ್ಡಸ್ತಿಕೆ ನಮ್ಮದೊಂದೇ ಮನೆಗೆ ಇರಬೇಕು. ಕಿತ್ತಳೆಯ ಹಾಸಿಗೆ, ಕೆಂಪಿನ ಅಂಚು, ಮೂಲೆಗಳಿಗೆ ನೇರಳೆ ಬಟನ್ ಹೂವು. ಬಿದಿರು ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹೊದಿಸಿ ಬಸ್ಸು ಹತ್ತಿದೆವು: ದಾದಿ, ನಾನು, ನಾರಾಯಣಮ್ಮ, ಕೊನೆ ಗಳಿಗೆಯಲ್ಲಿ "ಬುಟ್ಟಿ ಹೊರೋಕೆ ಯಾರಾದ್ರೂ ಬೇಕಲ್ಲ" ಎನ್ನುತ್ತ ದಾದಾ. ದರ್ಗಾದಲ್ಲಿ ದಾದಿ ಚಾದರ ಒಪ್ಪಿಸಿ ಕೈಯೆತ್ತಿ ನಿಂತಾಗ ಎಲ್ಲ ನಿಶ್ಶಬ್ದ. ನಾನು ದೊಡ್ಡ ಧ್ವನಿಯಲ್ಲಿ, "ದಾದಿ, ಹೂವಲ್ಲಿ ಹುಳದ ವಾಸನೆ ಬರ್ತಿದೆ, ಅವರಿಗೆ ಗೊತ್ತಾಗಲ್ವಾ?" ಎಂದು ಕೇಳಿದೆ. ಸುತ್ತಲಿನವರು ನಕ್ಕರು. ಬಾಯಿ ಮುಚ್ಚು ಎಂದು ಯಾರಾದರೂ ಗದರುವ ಸಂದರ್ಭವೇ ಅದು. ದಾದಿ ಗದರಲಿಲ್ಲ, ನನ್ನನ್ನು ಎತ್ತಿಕೊಂಡು ಗೋರಿಯ ಕಡೆ ತಿರುಗಿ, "ಕೇಳಿದ್ರಾ ಹಜರತ್, ಎಷ್ಟು ಚೆನ್ನಾಗಿ ಮಾತಾಡ್ತಾಳೆ!" ಎಂದಳು.

ಹರಕೆ ತೀರಿತು. ಮರುವರ್ಷ ಮೊದಲ ಮಳೆಗೆ ದಾದಿ ಮತ್ತೆ ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಹೊರಟಾಗ ದಾದಾ, "ಇನ್ನು ಯಾರಿಗೆ?" ಎಂದರು. "ಇದು ನನಗೆ" ಎಂದಳು ದಾದಿ. ಎಷ್ಟೋ ವರ್ಷ ಆ ಗರಸು ನೆಲ ಹಾಗೆ ಅವಳಿಗಾಗಿ ಹೂ ಬಿಟ್ಟಿತು. ಬೀಜ ಮೊಳೆತು ನಾಲ್ಕೆಲೆ ಬರುವವರೆಗೆ ಕೈಯಿಂದ ಒಂದಿಷ್ಟು ನೀರು ಚಿಮುಕಿಸುವಳು, ಆಮೇಲೆ "ಹೋಗಿ, ನಿಮ್ಮ ದಾರಿ ನೀವು ನೋಡಿಕೊಳ್ಳಿ" ಎಂದು ಬಿಡುವಳು. ಒಣಗಿದ ಹೂವನ್ನು ದಿನಾ ಚಿವುಟುವಳು, ಕೊನೆಯ ಹೂಗಳನ್ನು ಮಾತ್ರ ಬೀಜಕ್ಕೆ ಬಿಡುವಳು. ಟೇಬಲ್ ರೋಸಿನ ಒಂದು ತುಂಡನ್ನು ಗೋಡೆಯ ಬುಡದಲ್ಲಿ ಚುಚ್ಚಿದ್ದಷ್ಟೇ, ಬಿಸಿಲೇರಿದ ಹಾಗೆ ಅದು ಗುಲಾಬಿ, ಹಳದಿ, ಬಿಳಿ ಬಣ್ಣದಲ್ಲಿ ಕಣ್ಣು ಬಿಡುತ್ತಿತ್ತು. ದಸರೆಗೆ ನಾರಾಯಣಮ್ಮನ ಬಾಗಿಲಿಗೆ, ಈದಿಗೆ ನಮ್ಮ ಮನೆಯ ಹೂದಾನಿಗೆ, ಶಾಲೆಯ ಟೀಚರ ಜಡೆಗೆ, ಎಲ್ಲದಕ್ಕೂ ಅಲ್ಲಿಂದಲೇ ಹೂವು. ನಿಮ್ಮ ಮನೆಯಲ್ಲೂ ಇಂಥ ಒಂದು ಮೂಲೆ ಇದ್ದಿರಬೇಕು, ಇದ್ದಾಗ ಅದರ ಬೆಲೆ ಯಾರಿಗೂ ಗೊತ್ತಿರುವುದಿಲ್ಲ.

ಆ ಮನೆ ಈಗಿಲ್ಲ. ದಾದಾ ಹೋದರು, ನಾರಾಯಣಮ್ಮ ಮಗಳ ಊರು ಗೌರಿಬಿದನೂರಿಗೆ ಹೋಗಿ ಅಲ್ಲೇ ಮಣ್ಣಾದಳು. ಯಂತ್ರದಲ್ಲಿ ನೂಲು ತೆಗೆಯುವ ಕಾಲ ಬಂದು ನಮ್ಮ ಚರಕಗಳು ನಿಂತವು. ಗೋಡೆ, ಶೆಡ್ಡು, ಹಿತ್ತಲು ಎಲ್ಲ ನೆಲಸಮವಾಗಿ ಮೇಲೆ ಮೂರಂತಸ್ತು ಎದ್ದಿದೆ, ಹೂವಿದ್ದ ಜಾಗಕ್ಕೆ ಸಿಮೆಂಟು ಹಾಕಿ ಸ್ಕೂಟರು ನಿಲ್ಲಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ದಾದಿ ಅದನ್ನೆಲ್ಲ ನೋಡಲಿಲ್ಲ, ಅದೊಂದು ಸಮಾಧಾನ.

ಅವಳ ಕೊನೆಯ ಬೇಸಿಗೆಯಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಜೊತೆಗೆ ಮಾತೂ. ನಾನು ಕಾಲೇಜಿಗೆ ರಜ ಹಾಕಿ ಮಂಚದ ಪಕ್ಕ ಕೂತೆ. ಕಿಟಕಿಯಿಂದ ಹಿತ್ತಲು ಕಾಣುತ್ತಿರಲಿಲ್ಲ, ಆದ್ದರಿಂದ ಬೆಳಗಾದರೆ ಹೋಗಿ ನೋಡಿ ಬಂದು ಎಲ್ಲ ಒಪ್ಪಿಸುತ್ತಿದ್ದೆ. ಇವತ್ತು ಯಾವುದು ಅರಳಿತು, ಯಾವುದು ಬೀಜಕ್ಕೆ ತಿರುಗಿತು, ಯಾವ ಬೆಕ್ಕು ಯಾವ ಗಿಡದಡಿ ಮಲಗಿದೆ. ಅದು ಮುಗಿದರೆ ಬೀದಿಯ ಜಗಳ, ಮಟನ್ನಿನ ರೇಟು, ಯಾರ ಮನೆಯ ಹೆಣ್ಣಿಗೆ ಎಲ್ಲಿಯ ಗಂಡು. ದಾದಿ ನನ್ನ ಮುಖವನ್ನೇ ನೋಡುತ್ತ ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಹೇಳಿ ಹೇಳಿ ನನಗೇ ಸಾಕಾಯಿತು. ಅವಳು ಕಣ್ಣು ಮುಚ್ಚಿದ್ದಳು, ನಿದ್ದೆ ಹತ್ತಿರಬೇಕು ಎಂದು ಸುಮ್ಮನಾದೆ. ಮನೆಯೆಲ್ಲ ಗಪ್ಪಾಯಿತು. ಆಗ ಅವಳ ಎಡಗೈ ಹಾಸಿಗೆಯ ಮೇಲೆ ತಡಕಾಡಿತು. ನನ್ನ ಮೊಣಕೈ ಸಿಕ್ಕಿತು, ಭುಜ ಸಿಕ್ಕಿತು, ಕೆನ್ನೆ ದಾಟಿ ಬಾಯಿಯ ಮೇಲೆ ಬಂದು ನಿಂತಿತು. ಒರಟು ಬೆರಳು ನನ್ನ ತುಟಿಯನ್ನು ಮೆಲ್ಲಗೆ ತಟ್ಟಿತು, ಮತ್ತೊಮ್ಮೆ ತಟ್ಟಿತು. ಕಣ್ಣು ತೆರೆದಿದ್ದಳು, ಆ ಕಣ್ಣುಗಳಲ್ಲಿ ಗಾಬರಿಯಿತ್ತು.

"ಇದ್ದೀನಿ ದಾದಿ, ಮಾತಾಡ್ತಿದ್ದೀನಿ" ಎಂದೆ. ಅವಳ ಬೆರಳನ್ನು ತುಟಿಯ ಮೇಲೆ ಹಾಗೆಯೇ ಇರಗೊಟ್ಟು, ಹಿತ್ತಲಿನ ಮೊದಲ ಗಿಡದಿಂದ ಮತ್ತೆ ಹೇಳತೊಡಗಿದೆ.